60ರ ಬೋರ್ಡ್, 80ರ ಓಟ: ಸೇಡಂ–ವಾಡಿ ರಸ್ತೆಗಳಲ್ಲಿ ವೇಗಮಿತಿ ಯಾರ ಮಾತು ಕೇಳ್ತದೆ?

ಬೈಕ್ ಓಡಿಸ್ತಾ ಇಯರ್‌ಫೋನ್ ಹಾಕ್ಕೊಂಡು ಈ ಸಂಚಿಕೆ ಕೇಳ್ತಾ ಇದ್ರೆ, ದಯವಿಟ್ಟು ಮೊದಲು ಗಾಡಿ ಬದಿಗೆ ನಿಲ್ಲಿಸಿ. ಒಂದು ಚಹಾ ಕುಡಿಯೋ ಹೊತ್ತಿನ ಮಾತು ಇದು, ಕೂತು ಕೇಳಬಹುದು.

ಇವತ್ತಿನ ಪ್ರಶ್ನೆ ಸಣ್ಣದು. ಸೇಡಂನಿಂದ ಕಲಬುರಗಿ ಕಡೆಗೋ, ವಾಡಿಯಿಂದ ಶಹಾಬಾದ್ ಕಡೆಗೋ, ಚಿಂಚೋಳಿಯಿಂದ ತಾಂಡೂರು ಕಡೆಗೋ ಹೊರಟ್ರೆ, ಎಷ್ಟು ವೇಗದಲ್ಲಿ ಹೋಗಬಹುದು ಅಂತ ನಿಮಗೆ ಗೊತ್ತಾ? ಬೋರ್ಡ್ ನೋಡಿದ್ರಾಯ್ತು ಅಂತೀರಿ. ಬೋರ್ಡ್ ಇಲ್ಲದ ಕಡೆ? ಬೋರ್ಡ್ ಮೇಲೆ ಸಿಮೆಂಟ್ ಧೂಳು ಕೂತಿರೋ ಕಡೆ? ಅಲ್ಲಿ ನಮ್ಮಲ್ಲಿ ಬಹಳ ಜನರ ಲೆಕ್ಕ ಒಂದೇ. ಮುಂದಿನ ಗಾಡಿ ಎಷ್ಟರಲ್ಲಿ ಹೋಗ್ತದೋ, ನಾವೂ ಅಷ್ಟರಲ್ಲಿ. ದೇಶದ ವೇಗಮಿತಿ ನೀತಿಯ ಕಷ್ಟ ಶುರುವಾಗೋದೇ ಈ ಲೆಕ್ಕದಿಂದ.

ಮಿತಿ ಹಾಕೋದು ಯಾರು?

ಮೊದಲು ಕಾನೂನು ನೋಡೋಣ, ಬೇಗ ಮುಗಿಸ್ತೀನಿ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಯಾವ ಬಗೆಯ ವಾಹನ ಗರಿಷ್ಠ ಎಷ್ಟು ವೇಗದಲ್ಲಿ ಹೋಗಬಹುದು ಅನ್ನೋದನ್ನ ಕೇಂದ್ರ ಸರ್ಕಾರ ನಿಗದಿ ಮಾಡುತ್ತೆ. ಅದು ಮೇಲಿನ ಗೆರೆ. ರಾಜ್ಯ ಸರ್ಕಾರ, ಅಥವಾ ರಾಜ್ಯ ಅಧಿಕಾರ ಕೊಟ್ಟ ಪ್ರಾಧಿಕಾರ, ಸಾರ್ವಜನಿಕರ ಸುರಕ್ಷತೆಗೆ ಬೇಕು ಅನ್ನಿಸಿದ್ರೆ ಒಂದು ನಿರ್ದಿಷ್ಟ ರಸ್ತೆಗೋ ಸೇತುವೆಗೋ ಅದಕ್ಕಿಂತ ಕಡಿಮೆ ಮಿತಿ ಹಾಕಬಹುದು. ಕೆಳಗೆ ಇಳಿಸೋಕೆ ಅವಕಾಶ ಇದೆ, ಮೇಲೆ ಏರಿಸೋಕೆ ಇಲ್ಲ.

2018ರ ಏಪ್ರಿಲ್ 6ರಂದು ಕೇಂದ್ರ ಒಂದು ಹೊಸ ಪಟ್ಟಿ ಹೊರಡಿಸ್ತು. ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಮಧ್ಯೆ ಡಿವೈಡರ್ ಇರೋ ನಾಲ್ಕು ಪಥದ ರಸ್ತೆಯಲ್ಲಿ 100, ಉಳಿದ ರಸ್ತೆಗಳಲ್ಲಿ 70. ಲಾರಿಗೆ ದೊಡ್ಡ ರಸ್ತೆಯಲ್ಲಿ 80, ಉಳಿದ ಕಡೆ 60. ಬಸ್ಸಿಗೂ ಬೈಕಿಗೂ ಉಳಿದ ರಸ್ತೆಗಳಲ್ಲಿ 60. ಆಟೊಗೆ 50. ಎಲ್ಲಾ ಗಂಟೆಗೆ ಕಿಲೋಮೀಟರ್ ಲೆಕ್ಕ.

ಈ ಪಟ್ಟಿ ಸುಮ್ಮನೆ ಉಳೀಲಿಲ್ಲ. ಅಪಘಾತ ಪರಿಹಾರದ ಒಂದು ಕೇಸ್ ವಿಚಾರಣೆ ಮಾಡ್ತಾ ಮದ್ರಾಸ್ ಹೈಕೋರ್ಟ್ 2021ರಲ್ಲಿ ಈ ಅಧಿಸೂಚನೆಯನ್ನೇ ರದ್ದು ಮಾಡ್ತು. ವೇಗ ಹೆಚ್ಚಿದಷ್ಟೂ ಸಾವು ಹೆಚ್ಚುತ್ತೆ ಅನ್ನೋದು ಕೋರ್ಟಿನ ಆತಂಕ. ರಸ್ತೆ ಚೆನ್ನಾಗಿದೆ, ಗಾಡಿಗಳೂ ಚೆನ್ನಾಗಿವೆ, ಮಿತಿ ಯಾಕೆ ಏರಿಸಬಾರದು ಅನ್ನೋದು ಸರ್ಕಾರದ ವಾದ. ಎರಡೂ ವಾದ ದೊಡ್ಡ ಹೆದ್ದಾರಿಗಳ ಮೇಲೇ ನಡೀತು. ಉಳಿದ ರಸ್ತೆಗಳು ಅನ್ನೋ ಆ ಕೊನೇ ಸಾಲಿನ ಬಗ್ಗೆ ಹೆಚ್ಚು ಯಾರೂ ಮಾತಾಡಲಿಲ್ಲ. ನಾವಿರೋದು ಆ ಸಾಲಿನಲ್ಲಿ.

ಒಂದೇ ರಸ್ತೆ, ಐದು ವೇಗ

ನಮ್ಮ ಭಾಗದ ರಸ್ತೆ ಹೆಂಗಿದೆ ನೋಡ್ರಿ. ನೆಲದಡಿ ಸುಣ್ಣಕಲ್ಲು ಇರೋದ್ರಿಂದ ವಾಡಿ, ಸೇಡಂ, ಮಳಖೇಡ, ಕೋಡ್ಲಾ, ಚಿತ್ತಾಪುರ ತಾಲ್ಲೂಕಿನ ಇಟಗಾ, ಚಿಂಚೋಳಿ ಕಡೆ ಛತ್ರಸಾಲ, ಎಲ್ಲೆಡೆ ಸಿಮೆಂಟ್ ಕಾರ್ಖಾನೆಗಳು. ಶಹಾಬಾದ್ ಅಂದ್ರೆ ಪರ್ಸಿ ಕಲ್ಲು. ಹಾಗಾಗಿ ಸಿಮೆಂಟ್ ಲಾರಿ, ಹಾರುಬೂದಿ ತರೋ ಬಲ್ಕರ್, ಕಲ್ಲು ತುಂಬಿದ ಟಿಪ್ಪರ್ ದಿನವಿಡೀ ಓಡ್ತವೆ. ತೊಗರಿ ರಾಶಿ ಟೈಮಿನಲ್ಲಿ ಟ್ರ್ಯಾಕ್ಟರ್. ಹಿಂದಿನ ಟ್ರೇಲರಿಗೆ ಲೈಟೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಕೂಲಿಯವರನ್ನ ತುಂಬ್ಕೊಂಡ ಟಂಟಂ, ಕ್ರೂಸರ್. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು. ಇವೆಲ್ಲದರ ನಡುವೆ ಬೈಕ್ ಮೇಲೆ ನಾವು.

ಟ್ರ್ಯಾಕ್ಟರ್ 20ರಲ್ಲಿ, ಟಂಟಂ 40ರಲ್ಲಿ, ಲಾರಿ 60ರಲ್ಲಿ, ಕಾರು 90ರಲ್ಲಿ. ರಸ್ತೆ ಸುರಕ್ಷತೆ ಅಧ್ಯಯನ ಮಾಡೋರು ಮತ್ತೆ ಮತ್ತೆ ಹೇಳೋ ಮಾತೊಂದಿದೆ. ವೇಗ ಎಷ್ಟು ಅನ್ನೋದರ ಜೊತೆಗೆ, ವೇಗಗಳ ನಡುವಿನ ಅಂತರ ಎಷ್ಟು ಅನ್ನೋದೂ ಅಪಾಯ. ಅಂತರ ಜಾಸ್ತಿ ಇದ್ದಷ್ಟು ಓವರ್‌ಟೇಕ್ ಜಾಸ್ತಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಓವರ್‌ಟೇಕ್ ಅಂದ್ರೆ ಎದುರಿನವರ ಪಥಕ್ಕೆ ನುಗ್ಗೋದು.

ಇಲ್ಲೊಂದು ಲೆಕ್ಕ ಮಾಡೋಣ. ನಿಮ್ಮ ಮುಂದೆ ಒಂದು ಲಾರಿ ಸರಿಯಾಗಿ 60ರಲ್ಲಿ ಹೋಗ್ತಿದೆ. ನೀವು ಕಾರಿನಲ್ಲಿ ಕಾನೂನಿನ ಪ್ರಕಾರ 70ರಲ್ಲಿ ಅದನ್ನ ದಾಟಬೇಕು. ಲಾರಿಯ ಉದ್ದ, ಹಿಂದೆ ಬಿಡೋ ಜಾಗ, ಮುಂದೆ ಹೋಗಿ ಸೇರೋ ಜಾಗ ಎಲ್ಲಾ ಸೇರಿ ನೀವು ಲಾರಿಗಿಂತ ಸುಮಾರು 50 ಮೀಟರ್ ಹೆಚ್ಚು ಕ್ರಮಿಸಬೇಕು. ವೇಗದ ವ್ಯತ್ಯಾಸ ಬರೀ 10 ಇರೋದ್ರಿಂದ ಇದಕ್ಕೆ 18 ಸೆಕೆಂಡ್ ಬೇಕು. ಆ 18 ಸೆಕೆಂಡಿನಲ್ಲಿ ನೀವು 350 ಮೀಟರ್ ಮುಂದೆ ಹೋಗಿರ್ತೀರಿ. ಎದುರಿನಿಂದ 60ರಲ್ಲಿ ಬರ್ತಿರೋ ಬಸ್ಸು 300 ಮೀಟರ್ ಹತ್ತಿರ ಬಂದಿರುತ್ತೆ. ಅಂದ್ರೆ ನಿಮಗೆ ಎದುರು 650 ಮೀಟರ್ ಖಾಲಿ ರಸ್ತೆ ಕಾಣಬೇಕು. ತಿರುವು, ಏರು, ಹೊಲದಿಂದ ರಸ್ತೆಗೆ ಬರೋ ದಾರಿ ಇರೋ ಕಡೆ ಅಷ್ಟು ಸಿಗೋದು ಕಷ್ಟ.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಲಾರಿ ತನ್ನ ಮಿತಿಯಲ್ಲೇ ಹೋಗ್ತಾ ಇದ್ರೆ ಅದನ್ನ ದಾಟೋ ಅಗತ್ಯನೇ ಇಲ್ಲ. ಬೈಕಿನವರಂತೂ ದಾಟೋಕೇ ಆಗಲ್ಲ, ಯಾಕಂದ್ರೆ ಬೈಕಿನ ಮಿತಿಯೂ 60. ಎರಡು, ದಾಟಲೇಬೇಕು ಅಂತ ಹೊರಟವರು 18 ಸೆಕೆಂಡನ್ನ ಕಡಿಮೆ ಮಾಡೋಕೆ 70 ಬಿಟ್ಟು 100ಕ್ಕೆ ಹೋಗ್ತಾರೆ. ವೇಗಮಿತಿ ಮುರಿಯೋ ಸಂದರ್ಭಗಳಲ್ಲಿ ತುಂಬಾ ಸಾಮಾನ್ಯವಾದದ್ದು ಇದೇ. ಅವರಿಗೆ ಅದು ತಪ್ಪು ಅಂತ ಅನ್ನಿಸೋದೂ ಇಲ್ಲ, ಬೇಗ ದಾಟಿ ಒಳಗೆ ಸೇರ್ಕೊಂಡ್ರೆ ಸೇಫು ಅಂತಾನೇ ಅನ್ಕೊಂಡಿರ್ತಾರೆ.

ಎದುರುಬದರು ಡಿಕ್ಕಿ ಅಂದ್ರೆ ಏನು ಅಂತ 2025ರ ನವೆಂಬರ್ 3ರಂದು ನೋಡಿದ್ವಿ. ನಮ್ಮ ಚಿಂಚೋಳಿ, ಸೇಡಂ ಜನ ಹೈದರಾಬಾದಿಗೆ ಹೋಗೋವಾಗ ಹಿಡಿಯೋ ತಾಂಡೂರು ಕಡೆಯ ದಾರಿ ಅದು. ತಾಂಡೂರಿನಿಂದ ಹೊರಟಿದ್ದ ತೆಲಂಗಾಣ ಸಾರಿಗೆ ಬಸ್ಸಿಗೆ ಚೇವೆಳ್ಳ ಹತ್ತಿರ ಎದುರಿನಿಂದ ಬಂದ ಜಲ್ಲಿ ಟಿಪ್ಪರ್ ಡಿಕ್ಕಿ ಹೊಡೀತು. ಜಲ್ಲಿಯೆಲ್ಲಾ ಬಸ್ಸಿನೊಳಗೆ ಸುರಿದು ಕನಿಷ್ಠ 19 ಜನ ಸತ್ತರು.

60 ಮತ್ತು 80ರ ನಡುವೆ ಏನಿದೆ?

20 ಕಿಲೋಮೀಟರ್ ಹೆಚ್ಚಾದ್ರೆ ಏನಾಗುತ್ತೆ ಬಿಡ್ರಿ ಅಂತ ಅನ್ನಿಸಬಹುದು. ಮೊದಲು ಲಾಭ ನೋಡೋಣ. 10 ಕಿಲೋಮೀಟರ್ ದೂರವನ್ನ 60ರಲ್ಲಿ ಹೋದ್ರೆ 10 ನಿಮಿಷ. 80ರಲ್ಲಿ ಹೋದ್ರೆ ಏಳೂವರೆ ನಿಮಿಷ. ಉಳಿತಾಯ ಎರಡೂವರೆ ನಿಮಿಷ. ಒಂದು ರೈಲ್ವೆ ಗೇಟ್ ಬಿದ್ರೆ ಅದೂ ಹೋಯ್ತು.

ಈಗ ನಷ್ಟ ನೋಡೋಣ. ಲೋಡ್ ಆದ ಲಾರಿ. ಮುಂದೆ ಒಂದು ಎಮ್ಮೆ ಅಡ್ಡ ಬಂತು ಅನ್ಕೊಳ್ಳಿ. ಡ್ರೈವರ್ ನೋಡಿ ಬ್ರೇಕ್ ಮೇಲೆ ಕಾಲಿಡೋಕೆ ಒಂದೂವರೆ ಸೆಕೆಂಡ್ ಬೇಕು. 60ರಲ್ಲಿದ್ರೆ ಅಷ್ಟರಲ್ಲೇ 25 ಮೀಟರ್ ಹೋಗಿರುತ್ತೆ. ಬ್ರೇಕ್ ಚೆನ್ನಾಗಿ ಹಿಡಿದ್ರೂ ನಿಲ್ಲೋಕೆ ಇನ್ನೂ 28 ಮೀಟರ್. ಒಟ್ಟು 53. ಅದೇ ಲಾರಿ 80ರಲ್ಲಿದ್ರೆ ನೋಡೋದರಲ್ಲೇ 33 ಮೀಟರ್, ನಿಲ್ಲೋಕೆ 49. ಒಟ್ಟು 82 ಮೀಟರ್.

ಇದರಲ್ಲಿ ನನಗೆ ಭಯ ಹುಟ್ಟಿಸಿದ ಅಂಕಿ ಬೇರೆ. 60ರ ಲಾರಿ ಪೂರ್ತಿ ನಿಂತಿರೋ ಅದೇ ಜಾಗದಲ್ಲಿ, 80ರ ಲಾರಿಯ ವೇಗ ಇನ್ನೂ 60ರ ಮೇಲೇ ಇರುತ್ತೆ. ಒಂದು ಲಾರಿ ಎಮ್ಮೆಯ ಮುಂದೆ ನಿಂತಿದೆ. ಇನ್ನೊಂದು 60ರಲ್ಲಿ ಗುದ್ದುತ್ತಿದೆ. ಇದು ಯಾಕೆ ಅಂದ್ರೆ ವೇಗದ ಜೊತೆ ಗುದ್ದಿನ ಶಕ್ತಿ ವರ್ಗದ ಲೆಕ್ಕದಲ್ಲಿ ಏರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದನ್ನೇ: ಒಂದು ರಸ್ತೆಯ ಸರಾಸರಿ ವೇಗ ಶೇ 1ರಷ್ಟು ಏರಿದ್ರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತೆ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491. ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಹೆದ್ದಾರಿ ಸಚಿವಾಲಯದ ವರದಿ ಹೇಳುತ್ತೆ. ಈ ಶೇ 71ನ್ನ ಸ್ವಲ್ಪ ಎಚ್ಚರದಿಂದ ಓದಬೇಕು. ಇದು ಪೊಲೀಸ್ ದಾಖಲೆಗಳಿಂದ ಬಂದ ಅಂಕಿ. ಪ್ರತಿ ಅಪಘಾತದಲ್ಲೂ ಯಂತ್ರ ಇಟ್ಟು ವೇಗ ಅಳೆದಿರಲ್ಲ. ಅತಿವೇಗ ಅಂತ ಬರೆದ್ರೆ ಕೇಸ್ ಡ್ರೈವರ್ ಮೇಲೆ ಮುಗಿಯುತ್ತೆ. ಆ ತಿರುವಿನಲ್ಲಿ ಬೋರ್ಡ್ ಯಾಕಿರಲಿಲ್ಲ, ಕೆಟ್ಟು ನಿಂತ ಲಾರಿ ರಾತ್ರಿಯಿಡೀ ಯಾಕೆ ಅಲ್ಲೇ ಇತ್ತು ಅನ್ನೋ ಪ್ರಶ್ನೆ ಹಿಂದೆ ಸರಿಯುತ್ತೆ. ಹಾಗಂತ ವೇಗ ಕಾರಣ ಅಲ್ಲ ಅಂತ ಅಲ್ಲ. ಬೇರೆ ಯಾವ ತಪ್ಪು ಇದ್ರೂ ಅದನ್ನ ಸಾವಾಗಿ ಬದಲಾಯಿಸೋದು ವೇಗ. ಅದೇ ವರ್ಷದ ಸಾವುಗಳಲ್ಲಿ ಶೇ 44ರಷ್ಟು ದ್ವಿಚಕ್ರ ವಾಹನದವರು. ಮೂರರಲ್ಲಿ ಎರಡರಷ್ಟು ಜನ 18ರಿಂದ 45ರೊಳಗಿನವರು. ಈ ಸಂಚಿಕೆ ಕೇಳೋ ವಯಸ್ಸಿನವರೇ.

ಆಕ್ಸಿಲರೇಟರ್ ಮೇಲಿನ ಕಾಲು ಯಾರದು?

ಲಾರಿ ಡ್ರೈವರ್‌ಗಳನ್ನ ಬೈಯೋದು ಸುಲಭ. ಆದ್ರೆ ಅವರ ವೇಗ ಎಲ್ಲಿಂದ ಬರುತ್ತೆ ಅಂತ ಕೇಳಬೇಕು. ಬಹಳ ಕಡೆ ದುಡಿಮೆ ಟ್ರಿಪ್ ಲೆಕ್ಕದಲ್ಲಿ. ಕಾರ್ಖಾನೆ ಗೇಟಿನಲ್ಲಿ ಸರದಿಗೆ ಕಾದು ಕಾದು ಅರ್ಧ ದಿನ ಹೋಗಿರುತ್ತೆ. ಆ ಹೋದ ಟೈಮನ್ನ ಅವರು ರಸ್ತೆ ಮೇಲೆ ವಾಪಸ್ ತಗೋಬೇಕು. ನಿಧಾನ ಹೋದ್ರ ಮುಂದಿನ ಟ್ರಿಪ್ ಯಾರ್ ಕೊಡ್ತಾರ ಅನ್ನೋ ಮಾತಿಗೆ ಬೋರ್ಡಿನಲ್ಲಿ ಉತ್ತರ ಇಲ್ಲ.

ಕಾನೂನಿನಲ್ಲಿ ಉತ್ತರ ಇದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಅತಿವೇಗಕ್ಕೆ ದಂಡ ಹಾಕೋ 183ನೇ ಸೆಕ್ಷನ್ ಓದಿ. 2019ರ ತಿದ್ದುಪಡಿ ಆದ ಮೇಲೆ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಭಾರಿ ವಾಹನಕ್ಕೆ 2,000ದಿಂದ 4,000. ಎರಡನೇ ಸಲ ಸಿಕ್ಕಿಬಿದ್ರೆ ಲೈಸೆನ್ಸ್ ಜಪ್ತಿ. ಇಷ್ಟು ಎಲ್ಲರಿಗೂ ಗೊತ್ತು. ಅದೇ ಸೆಕ್ಷನ್ ಇನ್ನೂ ಎರಡು ಮಾತು ಹೇಳುತ್ತೆ. ತನ್ನ ಕೈಕೆಳಗಿನ ನೌಕರನಿಂದ ಮಿತಿ ಮೀರಿ ಓಡಿಸೋ ಮಾಲೀಕನೂ ಅಪರಾಧಿ. ವೇಗಮಿತಿ ಮುರಿಯದೆ ಮುಗಿಸೋಕೇ ಆಗದಂಥ ಟೈಮ್‌ಟೇಬಲ್ ಕೊಟ್ಟಿದ್ರೆ, ಇಷ್ಟು ಹೊತ್ತಿಗೆ ತಲುಪಲೇಬೇಕು ಅಂತ ಹೇಳಿದ್ರೆ, ಆ ಆದೇಶವನ್ನೇ ಮೇಲ್ನೋಟದ ಸಾಕ್ಷ್ಯ ಅಂತ ಕೋರ್ಟ್ ತಗೋಬಹುದು. ಆದ್ರೆ ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸೋದು ಡ್ರೈವರನ್ನ. ದಂಡದ ಚೀಟಿ ಬರೋದು ಗಾಡಿ ನಂಬರಿಗೆ. ಟೈಮ್ ಕೊಟ್ಟವರ ಹೆಸರು ಅದರಲ್ಲಿ ಬರಲ್ಲ.

ಇನ್ನು ಸ್ಪೀಡ್ ಗವರ್ನರ್. 2015ರ ಅಕ್ಟೋಬರ್ 1ರ ನಂತರ ತಯಾರಾದ ಸಾರಿಗೆ ವಾಹನಗಳಿಗೆ ಇದು ಕಡ್ಡಾಯ. ಸಾಮಾನ್ಯ ಲಾರಿ, ಬಸ್ಸಿಗೆ 80. ಡಂಪರ್, ಟ್ಯಾಂಕರ್, ಸ್ಕೂಲ್ ಬಸ್ಸಿಗೆ 60. ಗವರ್ನರ್ ಇದ್ದ ಮೇಲೆ ಬೋರ್ಡ್ ನೋಡೋ ಪ್ರಶ್ನೆನೇ ಬರಬಾರದು, ಗಾಡಿನೇ ಏರಲ್ಲ. ಆದ್ರೆ ಎಫ್‌ಸಿ ಟೈಮಿಗೆ ಜೋಡಿಸಿ, ಆಮೇಲೆ ತಂತಿ ಕಿತ್ತು ಹಾಕ್ತಾರೆ ಅನ್ನೋ ದೂರು ಹಳೇದು. ಇನ್ನೊಂದು ತೊಡಕೂ ಇದೆ. ಗವರ್ನರಿಗೆ ರಸ್ತೆ ಯಾವುದು ಅಂತ ಗೊತ್ತಿಲ್ಲ. 80ಕ್ಕೆ ಸೆಟ್ ಆದ ಲಾರಿ, 60ರ ಮಿತಿ ಇರೋ ಮಳಖೇಡದ ರಸ್ತೆಯಲ್ಲೂ 80 ಹೋಗುತ್ತೆ. ಯಂತ್ರ ಬಿಟ್ಟಿದೆ ಅಂದ್ರೆ ಕಾನೂನೂ ಬಿಟ್ಟಿದೆ ಅನ್ನೋ ಭಾವನೆ ಡ್ರೈವರಿಗೆ ಬಂದ್ರೆ ಆಶ್ಚರ್ಯ ಇಲ್ಲ.

2018ರ ಜುಲೈನಲ್ಲಿ ಇನ್ನೊಂದು ಬದಲಾವಣೆ ಆಯ್ತು. ಲಾರಿಗಳು ಕಾನೂನುಬದ್ಧವಾಗಿ ಹೊರಬಹುದಾದ ಭಾರ ಏರಿಸಿದ್ರು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್ನಿಂದ 28.5 ಟನ್ನಿಗೆ ಹೋಯ್ತು. ಸಾಗಣೆ ಖರ್ಚು ಇಳೀಲಿ ಅನ್ನೋದು ಉದ್ದೇಶ. ಅದೇ ವೇಗದಲ್ಲಿ ಹೆಚ್ಚು ತೂಕ ಅಂದ್ರೆ ಬ್ರೇಕಿಗೂ ಹೆಚ್ಚು ಕೆಲಸ, ಗುದ್ದಿಗೂ ಹೆಚ್ಚು ಬಲ.

ಇಡೀ ದೇಶಕ್ಕೆ ಒಂದೇ ಅಂಕಿ ಹಾಕಿದ್ರೆ?

ಇದನ್ನ ಅಮೆರಿಕ ಮಾಡಿ ನೋಡಿದೆ. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಉಳಿಸೋಕೆ ಅಂತ 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ದೇಶಕ್ಕೆಲ್ಲಾ ಗಂಟೆಗೆ 55 ಮೈಲಿ, ಅಂದ್ರೆ ಸುಮಾರು 88 ಕಿಲೋಮೀಟರ್ ಮಿತಿ ತಂದ್ರು. ಆ ವರ್ಷ ರಸ್ತೆ ಸಾವು ಸುಮಾರು 54 ಸಾವಿರದಿಂದ 45 ಸಾವಿರಕ್ಕೆ ಇಳೀತು. ಪೂರ್ತಿ ಶ್ರೇಯಸ್ಸು ಮಿತಿಗೆ ಕೊಡೋಕಾಗಲ್ಲ, ಪೆಟ್ರೋಲ್ ಸಿಗದೆ ಜನ ಓಡಾಡಿದ್ದೇ ಕಡಿಮೆ. ಆದ್ರೂ ಪೆಟ್ರೋಲಿಗಾಗಿ ತಂದ ನಿಯಮ ಜೀವ ಉಳಿಸ್ತು ಅನ್ನೋದು ನಿಜ.

ಆಮೇಲೆ ಏನಾಯ್ತು? ಬಿಕ್ಕಟ್ಟು ಮುಗೀತು. ಅಗಲವಾದ, ನೇರವಾದ ಹೆದ್ದಾರಿಗಳಲ್ಲಿ ಜನ 55ನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. 1987ರಲ್ಲಿ ಹಳ್ಳಿಗಾಡಿನ ದೊಡ್ಡ ಹೆದ್ದಾರಿಗಳಿಗೆ 65 ಮೈಲಿ ಆಯ್ತು. 1995ರಲ್ಲಿ ರಾಷ್ಟ್ರೀಯ ಮಿತಿಯನ್ನೇ ತೆಗೆದು ರಾಜ್ಯಗಳಿಗೆ ಬಿಟ್ಟರು. 2009ರಲ್ಲಿ ಬಂದ ಒಂದು ಅಧ್ಯಯನ, ಮಿತಿ ಏರಿಸಿದ್ದರಿಂದ 1995ರಿಂದ 2005ರವರೆಗೆ 12,545 ಹೆಚ್ಚುವರಿ ಸಾವಾಗಿದೆ ಅಂತ ಅಂದಾಜು ಮಾಡ್ತು. ಎರಡೂ ಸತ್ಯ ಒಟ್ಟಿಗೆ ಇವೆ. ರಸ್ತೆಯ ಆಕಾರಕ್ಕೆ ಹೊಂದದ ಮಿತಿಯನ್ನ ಜನ ಮುರೀತಾರೆ. ಮುರೀತಾರೆ ಅಂತ ಮಿತಿಯನ್ನ ಏರಿಸಿದ್ರೆ ಜನ ಸಾಯ್ತಾರೆ.

ಸಿಕ್ಕಿಬೀಳೋ ಭಯ

ನಮ್ಮ ರಾಜ್ಯದ್ದೇ ಉದಾಹರಣೆ, ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು, ಸಾವು ಸಾಲುಗಟ್ಟಿದವು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧ ಮಾಡಿದ್ರು. ವೇಗ ಅಳೆಯೋ ಯಂತ್ರ, ನಂಬರ್ ಪ್ಲೇಟ್ ಓದೋ ಕ್ಯಾಮೆರಾ ಬಂತು. ಸಾವಿನ ಸಂಖ್ಯೆ ಗಣನೀಯವಾಗಿ ಇಳೀತು. ಅಲ್ಲಿ ಬದಲಾಗಿದ್ದು ಮಿತಿಯ ಅಂಕಿ ಅಲ್ಲ. ವೇಗಗಳ ಅಂತರ ಕಡಿಮೆ ಆಯ್ತು, ಸಿಕ್ಕಿಬೀಳೋದು ಖಚಿತ ಆಯ್ತು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದ್ರೆ ದಂಡದ ಜೊತೆ ಎಫ್‌ಐಆರ್ ಕೂಡ ಅಂತ ಪೊಲೀಸರು ಘೋಷಿಸಿದ್ರು.

ಕ್ಯಾಮೆರಾಗೂ ಮಿತಿ ಇದೆ. ಕ್ಯಾಮೆರಾ ಕಂಬ ಕಂಡಾಗ ಬ್ರೇಕ್, ದಾಟಿದ ಮೇಲೆ ಮತ್ತೆ ಓಟ. ಅದಕ್ಕೇ ಎರಡು ಕಂಬಗಳ ನಡುವಿನ ಸರಾಸರಿ ವೇಗ ಲೆಕ್ಕ ಹಾಕೋ ವ್ಯವಸ್ಥೆ ಹೆಚ್ಚು ಕೆಲಸ ಮಾಡುತ್ತೆ. ಇನ್ನು ದಂಡದ ವಿಷಯ. ಬಾಕಿ ಇರೋ ಟ್ರಾಫಿಕ್ ದಂಡಕ್ಕೆ ರಾಜ್ಯ ಸರ್ಕಾರ 2023ರಲ್ಲಿ ಶೇ 50 ರಿಯಾಯಿತಿ ಕೊಟ್ಟಿತು, 2025ರಲ್ಲಿ ಮತ್ತೆ ಕೊಟ್ಟಿತು. ಖಜಾನೆಗೆ ದುಡ್ಡು ಬಂತು. ಕಾದ್ರೆ ಸೇಲ್ ಬರುತ್ತೆ ಅನ್ನೋ ಪಾಠನೂ ಬಂತು.

ಹಾಗಿದ್ರೆ ಇಲ್ಲಿ ಏನು ಮಾಡೋದು?

ನಮ್ಮ ಕಡೆ ಅಪಘಾತ ಆದ ಮೇಲೆ ನಡೆಯೋದು ಗೊತ್ತೇ ಇದೆ. ಜನ ರಸ್ತೆ ತಡೀತಾರೆ, ಮರುದಿನ ಒಂದು ಹಂಪ್ ಬರುತ್ತೆ. ಹಂಪಿಗೂ ಅಳತೆ ಇದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 25ರ ವೇಗದಲ್ಲಿ ದಾಟೋ ಹಾಗೆ. ಊರವರು ರಾತ್ರೋರಾತ್ರಿ ಹಾಕೋ ಕಿರಿದಾದ, ಬಣ್ಣ ಇಲ್ಲದ ಹಂಪ್ ಕತ್ತಲಲ್ಲಿ ಬೈಕಿನವರನ್ನೇ ಬೀಳಿಸುತ್ತೆ.

ಅದಕ್ಕಿಂತ ಗಟ್ಟಿ ದಾರಿ ಒಂದಿದೆ. ಆ 112ನೇ ಸೆಕ್ಷನ್ ನೆನಪಿದೆಯಲ್ಲ? ಶಾಲೆ ಮುಂದೆ, ಸಂತೆ ಬಯಲಿನ ಹತ್ತಿರ, ಊರೊಳಗಿನ ರಸ್ತೆಗೆ ಕಡಿಮೆ ಮಿತಿ ಕೇಳೋ ದಾರಿ ಅದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ ಎಲ್ಲರೂ ಅಲ್ಲಿ ಕೂರ್ತಾರೆ. ಗ್ರಾಮ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಒಂದು ಠರಾವು ಮಾಡಿಸಿ, ಜಾಗದ ಫೋಟೊ, ಮ್ಯಾಪಿನ ಲೊಕೇಶನ್, ಅಲ್ಲಿ ಆದ ಅಪಘಾತಗಳ ತಾರೀಖು ಸೇರಿಸಿ ಅರ್ಜಿ ಕೊಡಿ. ಸ್ವೀಕೃತಿ ತಗೊಳ್ಳಿ. 2020ರ ಸ್ಟಾಕ್‌ಹೋಮ್ ಘೋಷಣೆ, ನಡೆಯೋರು ಮತ್ತು ವಾಹನಗಳು ಬೆರೆಯೋ ಕಡೆ 30 ಮಿತಿ ಇರಬೇಕು ಅನ್ನುತ್ತೆ. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲಿ ಪುರಸಭೆ ವ್ಯಾಪ್ತಿಯಲ್ಲಿ ಕಾರಿಗೆ 70. ಈ ಎರಡರ ನಡುವಿನ 40 ಕಿಲೋಮೀಟರನ್ನ ಇಳಿಸೋ ಅಧಿಕಾರ ದಿಲ್ಲಿಗೆ ಹೋಗದೆ ರಾಜ್ಯದಲ್ಲೇ ಇದೆ.

ಮನೆಯಲ್ಲಿ ಯಾರಾದ್ರೂ ಲಾರಿ ಓಡಿಸೋರು ಇದ್ರೆ 183ನೇ ಸೆಕ್ಷನ್ನಿನ ಆ ಟೈಮ್‌ಟೇಬಲ್ ಮಾತನ್ನ ಅವರಿಗೆ ಹೇಳಿ. ಇಷ್ಟು ಗಂಟೆಗೆ ಬಾ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೆಸೇಜನ್ನ ಡಿಲೀಟ್ ಮಾಡದೆ ಇಟ್ಕೊಳ್ಳೋಕೆ ಹೇಳಿ.

ನಿಮಗೆ, ಬೈಕಿನವರಿಗೆ, ಒಂದೇ ಮಾತು. ಮುಂದಿನ ಲಾರಿ 60ರಲ್ಲಿದ್ರೆ ಅದರ ಹಿಂದೆ ದೂರ ಬಿಟ್ಟು ಹೋಗಿ. ಎರಡೂವರೆ ನಿಮಿಷ ತಡ ಆಗುತ್ತೆ, ಅಷ್ಟೇ. ನಿಮ್ಮೂರಿನ ಯಾವ ತಿರುವಿಗೆ ಬೋರ್ಡ್ ಬೇಕು ಅಂತ ನಮಗೂ ಬರೆದು ಕಳಿಸಿ.